ಅರ್ಥಕ್ಕೆ ಹೊಸಬರನ್ನು ಕೂರಿಸುವ ಶಾಸ್ತ್ರ

ವೇಷ ಕಟ್ಟದೆ, ಕೂತಲ್ಲೇ ಕೂತು, ಬಾಯಿಮಾತಿನಲ್ಲೇ ಇನ್ನೊಬ್ಬರಾಗಿ ಯುದ್ಧ ಮಾಡಿ, ಸತ್ತು, ಎದ್ದು ಊಟಕ್ಕೆ ಹೋಗುವ ಆಟವನ್ನು ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬ ಅಮೆರಿಕನ್ನರಿಬ್ಬರು 1974ರಲ್ಲಿ ಕಂಡುಹಿಡಿದರೆಂಬುದು ಪಾಶ್ಚಾತ್ಯರ ಪೂರ್ವಪಕ್ಷ. ಅದಕ್ಕೆ ಅವರಿಟ್ಟ ಹೆಸರು ಡಂಜನ್ಸ್ ಅಂಡ್ ಡ್ರಾಗನ್ಸ್. ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಯ ಜಗಲಿಗಳಲ್ಲಿ ಮಳೆಗಾಲ ಕಳೆದವರು ಇದಕ್ಕೆ ನಗುತ್ತಾರೆ. ನಾವು ಅದನ್ನು ತಾಳಮದ್ದಳೆ ಅನ್ನುತ್ತೇವೆ.

ಸಾಕ್ಷ್ಯ ಬಲವಾಗಿದೆ. ಆ ಆಟದ ಮೊದಲ ಸಾವಿರ ಪೆಟ್ಟಿಗೆಗಳನ್ನು ಹೊರತಂದ ಲೇಕ್ ಜಿನೀವಾ ಊರಿನ ಸಂಸ್ಥೆಯ ಹೆಸರು ಟಿಎಸ್‌ಆರ್, ಹುಟ್ಟಿದ್ದು 1973. ಶಿರಸಿಯ ತೋಟಿಗರ ಸಹಕಾರಿ ಸಂಘ ಟಿಎಸ್‌ಎಸ್ ಹುಟ್ಟಿದ್ದು 1923. ಸರಿಯಾಗಿ ಐವತ್ತು ವರ್ಷದ ಅಂತರ. ಕೊನೆಯ ಅಕ್ಷರ ಹಡಗಿನ ಪ್ರಯಾಣದಲ್ಲಿ ಕೆಟ್ಟಿರಬೇಕು. ಇಷ್ಟು ಸಿಕ್ಕಮೇಲೆ ಸಂಶೋಧನೆ ಮುಂದುವರಿಸುವ ಅಗತ್ಯವಿಲ್ಲ. ಆದರೆ ಸಂಪಾದಕರು ಇನ್ನೂ ಪುಟ ಕೊಟ್ಟಿದ್ದಾರೆ.

ಲೇಕ್ ಜಿನೀವಾದವರಲ್ಲಿ ಆಟ ನಡೆಸುವವನೊಬ್ಬ ಇರುತ್ತಾನೆ, ನಮ್ಮಲ್ಲಿ ಭಾಗವತರಿದ್ದಾರೆ. ಅವರಿಗೆ ಕಥೆಯ ಚೌಕಟ್ಟಿನ ಪುಸ್ತಕ, ನಮಗೆ ಪ್ರಸಂಗ. ಪ್ರಸಂಗದಲ್ಲಿ ಪದ್ಯವಿರುತ್ತದೆ, ಮಾತು (ನಾವದನ್ನು ಅರ್ಥ ಅನ್ನುತ್ತೇವೆ) ಎಲ್ಲೂ ಬರೆದಿಲ್ಲ, ಕೂತವರು ಅಲ್ಲೇ ಹುಟ್ಟಿಸಬೇಕು. ಟಿಎಸ್‌ಆರ್ ಸಂಸ್ಥೆ ಇಂಥ ಪುಸ್ತಕ ಬರೆಸಲು ಸಂಬಳದ ಬರಹಗಾರರನ್ನು ಇಟ್ಟುಕೊಂಡಿತ್ತು. ನಮ್ಮ ಹೊಸ್ತೋಟ ಮಂಜುನಾಥ ಭಾಗವತರು (1940–2020) ಒಬ್ಬರೇ ಇನ್ನೂರಕ್ಕೂ ಮಿಕ್ಕಿ ಪ್ರಸಂಗ ಬರೆದರು. ಅಮೆರಿಕನ್ನರ ಇಪ್ಪತ್ತು ಮುಖದ ದಾಳ ಮಾತ್ರ ನಮ್ಮಲ್ಲಿಲ್ಲ. ಎದುರು ಕೂತ ಹಿರಿಯರು ಏನು ಕೇಳುತ್ತಾರೆಂಬ ಅನಿಶ್ಚಿತತೆಯೇ ಸಾಕಷ್ಟಿದೆ.

ಅವರ ಆಟದ ಹಳೇ ಸಂಪ್ರದಾಯದ ಜೀವಾಳ ಗುಹೆ. ನಾಲ್ಕಾರು ಜನ ಸೇರಿ ಕತ್ತಲೆ ಗುಹೆಗೆ ಇಳಿಯಬೇಕು, ಗುಂಪು ಒಡೆಯಬಾರದು ಎಂಬುದು ಅವರ ಪ್ರಥಮ ಸೂತ್ರ. ಈ ಸೂತ್ರ ಮುರಿದರೆ ಏನಾಗುತ್ತದೆಂಬುದಕ್ಕೆ ‘ವಾಲಿವಧೆ’ಯೇ ಪ್ರಮಾಣ. ಮಾಯಾವಿಯನ್ನು ಅಟ್ಟಿಕೊಂಡು ವಾಲಿ ಒಳಗೆ ಹೋದ, ಸುಗ್ರೀವ ಬಾಗಿಲು ಕಾದ. ವರ್ಷ ಕಳೆದು ನೆತ್ತರು ಹರಿದುಬಂದಾಗ ಅಣ್ಣ ಸತ್ತನೆಂದು ಬಂಡೆ ಮುಚ್ಚಿ ಊರಿಗೆ ಬಂದ. ಇನ್ನುಳಿದದ್ದು ಇವತ್ತಿಗೂ ಪ್ರತಿ ಮಳೆಗಾಲ ಚರ್ಚೆಯಾಗುತ್ತಿದೆ. ಆ ಆಟದಲ್ಲಿ ಪೆಟ್ಟು ಬಿದ್ದಷ್ಟೂ ಜೀವದ ಅಂಕ ಇಳಿಯುತ್ತದಂತೆ. ನಮ್ಮ ವಾಲಿಗೆ ಎದೆಗೆ ಬಾಣ ನಾಟಿದ ಮೇಲೆಯೇ ಅಂಕ ಏರುವುದು. ಒಂದೂವರೆ ತಾಸು ರಾಮನನ್ನು ಬಿಡುವುದಿಲ್ಲ.

ಈಗ ಹೊಸಬರ ಪ್ರಕರಣ. ಯಕ್ಷಗಾನ ಮೇಳಗಳ ತಿರುಗಾಟ ಮೇ ತಿಂಗಳಿಗೆ ಮುಗಿಯುತ್ತದೆ, ಅಡಿಕೆಗೆ ಕೊಳೆಮದ್ದು ಹೊಡೆದಾಗುತ್ತದೆ, ಮಳೆ ಹಿಡಿಯುತ್ತದೆ, ಕರೆಂಟು ಹೋಗುತ್ತದೆ. ಆಗ ಕೂಟ ಕೂರುತ್ತದೆ. ಕೂತವರೆಲ್ಲ ಅರವತ್ತು ದಾಟಿದವರು, ಮಕ್ಕಳು ಬೆಂಗಳೂರಿನಲ್ಲಿ. 2020ರ ನಂತರ ಲ್ಯಾಪ್‌ಟಾಪ್ ಹಿಡಿದು ಊರಿಗೆ ಬಂದು ಕೂತ ಮಾಣಿಗಳಿಂದ ಹೊಸಬರೆಂಬ ಜಾತಿ ಮತ್ತೆ ಕಾಣಿಸಿಕೊಂಡಿತು. ಇವರಲ್ಲಿ ಕ್ಯಾಸೆಟ್ ಪಂಥದವರು ಅರ್ಥಧಾರಿ ಶೇಣಿ ಗೋಪಾಲಕೃಷ್ಣ ಭಟ್ಟರ (1918–2006) ವಾಲಿಯನ್ನು ಯೂಟ್ಯೂಬಿನಲ್ಲಿ ಕೇಳಿ ಬಾಯಿಪಾಠ ಮಾಡಿರುತ್ತಾರೆ. ಕಾನಸೂರಿನ ಹುಡುಗ ಅರ್ಥ ಶುರುಮಾಡಿದ ಕೂಡಲೇ ಕಾಸರಗೋಡಿನ ಕನ್ನಡ ಹೊರಡುತ್ತದೆ. ಚೀಟಿ ಪಂಥದವರು ಬರೆದುಕೊಂಡು ಬರುತ್ತಾರೆ. ಮೈಕಿನಲ್ಲಿ ಮಾತಿಗಿಂತ ಮೊದಲು ಕಾಗದ ಕೇಳುತ್ತದೆ.

ಚೀಟಿಯವನನ್ನು ಹತ್ತಿರದಿಂದ ನೋಡೋಣ. “ಒಂದು ಸುಗ್ರೀವ ಹೇಳ್ತ್ಯಾ ತಮಾ?” “ಎಂಗೆ ಬತ್ತಿಲ್ಲೆ.” “ಎಂತೂ ಆಗ್ತಿಲ್ಲೆ, ಕೂತ್ಗ.” ಇಷ್ಟರಲ್ಲಿ ದೀಕ್ಷೆ ಮುಗಿಯಿತು. ಸುಗ್ರೀವ ಜಮಖಾನದ ಅಂಚಿನಲ್ಲಿ ಪದ್ಮಾಸನ ಹಾಕಿ, ಕಾಲು ಜೋಮು ಹಿಡಿದು, ಯುದ್ಧಕ್ಕೆ ಕರೆಯುತ್ತಾನೆ. ವಾಲಿ ನಿಧಾನವಾಗಿ ಕವಳ ಉಗಿದು ಬಂದು ಕೇಳುತ್ತಾನೆ: “ಬಾಗಿಲಿಗೆ ಬಂಡೆ ಇಟ್ಟೆಯಲ್ಲ ತಮ್ಮಾ, ಒಳಗಿಂದ ಬಂದ ನೆತ್ತರು ವಾನರನದ್ದೋ ದಾನವನದ್ದೋ ಎಂದು ಹೇಗೆ ತಿಳಿದೆ?” ಚೀಟಿಯಲ್ಲಿ ಅದಿಲ್ಲ. ಸುಗ್ರೀವ ಕಾಗದ ಮಗುಚುತ್ತಾನೆ, ಹಿಂಬದಿ ಅಡಿಕೆಯ ಲೆಕ್ಕವಿದೆ. ಸಭೆಯಲ್ಲಿ ಕೆಮ್ಮು.

ಇಲ್ಲಿ ಶಾಸ್ತ್ರಕಾರರು ಎರಡಾಗುತ್ತಾರೆ. ಹುಡುಗ ಮುಳುಗಲಿ, ಮುಳುಗಿದವನೇ ಈಜು ಕಲಿಯುವುದು ಎಂಬವರು ಒಂದು ಕಡೆ. ಇವರ ಊರಿನ ಕೂಟಗಳಲ್ಲಿ ಈಗ ಮದ್ದಳೆಯವರೇ ಅರ್ಥವನ್ನೂ ಹೇಳಬೇಕಾಗಿದೆ. ಇನ್ನೊಂದು ಕಡೆಯವರ ಮತವೇ ಪ್ರಸ್ತುತ ಪ್ರಬಂಧಕಾರನ ಸಿದ್ಧಾಂತ: ಹಿರಿಯ ಅರ್ಥಧಾರಿ ಕೇಳುವ ಪ್ರಶ್ನೆಯ ಹೊಟ್ಟೆಯಲ್ಲೇ ಉತ್ತರ ಇಟ್ಟು ಕೇಳಬೇಕು. “ನೆತ್ತರು ಕಂಡು ಹೆದರಿದೆಯೋ, ಸಿಂಹಾಸನ ಕಂಡು ಹಿಗ್ಗಿದೆಯೋ?” ಎಂದರೆ ಎಂಥ ಮಾಣಿಯೂ “ಹೆದರಿದೆ ಅಣ್ಣಾ” ಎಂದಾನು. ಎಂದ ಕೂಡಲೇ ಅದೇ ಒಳ್ಳೇ ಅರ್ಥವಾಗುತ್ತದೆ, ಯಾಕೆಂದರೆ ಆ ಹೊತ್ತಿಗೆ ಅವನು ನಿಜವಾಗಿ ಹೆದರಿದ್ದಾನೆ. ಅದೂ ಹೊರಡದಿದ್ದರೆ ಭಾಗವತರು ತಾಳ ತಟ್ಟಿ ಮುಂದಿನ ಪದ್ಯ ಎತ್ತಬೇಕು. ಪದ್ಯ ಎತ್ತಿದ ಮೇಲೆ ಹಿಂದಿನ ಪ್ರಶ್ನೆಗೆ ಉತ್ತರ ಕೊಡುವ ಹಂಗಿಲ್ಲ; ಲೇಕ್ ಜಿನೀವಾದವರಿಗೆ ಈ ಸೌಲಭ್ಯ ಹೊಳೆದಿಲ್ಲ.

ಒಂದು ಉಪಪ್ರಕರಣ. ಅಡುಗೆಮನೆಯ ಬಾಗಿಲಲ್ಲಿ ನಿಂತು, ಆಸರಿಯ ಲೋಟ ಹಿಡಿದೇ ಮೂವತ್ತು ಮಳೆಗಾಲ ‘ಕೃಷ್ಣ ಸಂಧಾನ’ ಕೇಳಿದವರನ್ನು ಹೊಸಬರೆನ್ನಬಹುದೇ? ಎನ್ನಲಾಗದು. ಈಗ ಮಹಿಳೆಯರ ಕೂಟಗಳು ಈ ಸೀಮೆಯಲ್ಲೂ ನಡೆಯುತ್ತಿವೆ, ಅಲ್ಲಿನ ಕೌರವರಿಗೆ ಎದುರಿನವರ ಮುಂದಿನ ಮಾತು ಮೊದಲೇ ಗೊತ್ತು. ಯಾವ ಮನೆಯ ಯಜಮಾನರು ಯಾವ ಪೀಠಿಕೆಯಲ್ಲಿ ತಡವರಿಸುತ್ತಾರೆಂಬುದೂ ಗೊತ್ತು. ಪುರುಷ ಶಾಸ್ತ್ರಕಾರರು ಈ ಪ್ರಕರಣವನ್ನು ಚಿಕ್ಕದಾಗಿಟ್ಟದ್ದಕ್ಕೆ ಕಾರಣ ಊಹಿಸಬಹುದು.

ಪ್ರೋತ್ಸಾಹದ ವಿಷಯದಲ್ಲಿ ಮೂರು ತಾಲೂಕಿಗೂ ಒಂದೇ ಮಾನದಂಡ. ಮಂಗಳ ಹಾಡಿದ ಮೇಲೆ ಹಿರಿಯರು “ಅಡ್ಡಿಲ್ಲೆ” ಎಂದರೆ ಹುಡುಗ ಉತ್ತೀರ್ಣ. “ಭಾರೀ ಚಲೋ ಆತು” ಎಂದರೆ ಮುಂದಿನ ವರ್ಷ ಕರೆಯುವುದಿಲ್ಲವೆಂದರ್ಥ.

ಕೊನೆಯದಾಗಿ ಮೂರನೇ ಮಳೆಗಾಲದ ರೋಗ. ದೂತನಾಗಿ ಬಂದವನು ಸುಗ್ರೀವನಾಗಿ, ವಿದುರನಾಗಿ, ಆ ವರ್ಷ ಕೃಷ್ಣನೇ ಬೇಕೆನ್ನುತ್ತಾನೆ. ಪೀಠಿಕೆಗೇ ನಲವತ್ತು ನಿಮಿಷ ಹಿಡಿಯುತ್ತಾನೆ, ಭಾಗವತರು ತಾಳ ತಟ್ಟಿದರೆ ಕಣ್ಣು ಬಿಡುತ್ತಾನೆ. ಇದಕ್ಕೆ ಮದ್ದು ಒಂದೇ: ಅವನೆದುರು ಆ ವರ್ಷದ ಹೊಸ ಚೀಟಿಯವನನ್ನು ವಿದುರನಾಗಿ ಕೂರಿಸುವುದು, ಪ್ರಶ್ನೆಯ ಹೊಟ್ಟೆಯಲ್ಲಿ ಉತ್ತರ ಇಡುವ ಕೆಲಸ ಈ ಕೃಷ್ಣನಿಗೇ ಬಿಡುವುದು. ಅಷ್ಟರಲ್ಲಿ ಅವನ ಲ್ಯಾಪ್‌ಟಾಪಿನ ಮೀಟಿಂಗ್ ಶುರುವಾದರೆ ಹಸ್ತಿನಾಪುರದ ಸಂಧಾನವನ್ನು ಮುಂದಿನ ಶನಿವಾರಕ್ಕೆ ಹಾಕಬಹುದು. ಪಾಂಡವರು ಹದಿಮೂರು ವರ್ಷ ಕಾದಿದ್ದಾರೆ.