ಸಮುದ್ರ ನೋಡಲು ಪುರುಸೊತ್ತಿಲ್ಲ

ಹಾಯಿದೋಣಿಯಲ್ಲಿ ಸಂಸಾರ ಹೂಡಿದವರಿಗೆ ಸಮುದ್ರ ನೋಡಲು ಪುರುಸೊತ್ತು ಸಿಗುವುದಿಲ್ಲ. ಈ ಮಾತನ್ನು ಊರಿನಲ್ಲಿ ಯಾರೂ ನಂಬುವುದಿಲ್ಲ. ಕುಮಟೆಯಿಂದ ಸೋದರಮಾವ ಫೋನ್ ಮಾಡಿದಾಗಲೆಲ್ಲ ಕೇಳುವುದು ಒಂದೇ ಪ್ರಶ್ನೆ.

“ಎಂತಾ ತಮ್ಮಾ, ಇವತ್ತು ಯಾವ ದ್ವೀಪ?”

“ಇವತ್ತು ಕಕ್ಕಸಿನ ಪಂಪು, ಮಾವ.”

“ಮತ್ತೆ ನಿನ್ನೆ?”

“ನಿನ್ನೆ ಅದರ ಪೈಪು.”

ಕೆರಿಬಿಯನ್ ಎಂದ ಕೂಡಲೇ ಮಾವನ ಕಣ್ಣಿಗೆ ಕಟ್ಟುವುದು ನೀಲಿ ನೀರು, ಬಿಳಿ ಮರಳು, ಹಾಯಿಯ ನೆರಳಿನಲ್ಲಿ ಕಾಲು ಚಾಚಿ ಮಲಗಿದ ಅಳಿಯ. ನೀರು ನೀಲಿ ಎನ್ನುವುದು ನಿಜ. ಅಳಿಯ ಕಾಲು ಚಾಚಿ ಮಲಗಿರುವುದೂ ನಿಜ. ಅವನ ತಲೆ ಮಾತ್ರ ಸಿಂಕಿನ ಕೆಳಗಿನ ಕಪಾಟಿನೊಳಗೆ ಇರುತ್ತದೆ, ಅಷ್ಟೇ ವ್ಯತ್ಯಾಸ. ದೋಣಿಯಲ್ಲಿ ದೇಶ ಸುತ್ತುವುದೆಂದರೆ ಚೆಂದಚೆಂದದ ಊರುಗಳಲ್ಲಿ ದೋಣಿ ರಿಪೇರಿ ಮಾಡುವುದು ಎಂಬ ಮಾತು ಈ ಮಂದಿಯಲ್ಲಿ ಬಹಳ ಹಳೆಯದು. ಹೊಸಬರು ಅದನ್ನು ಕೇಳಿ ನಗುತ್ತಾರೆ. ಹಳಬರಿಗೆ ನಗಲು ಬಿಡುವಿರುವುದಿಲ್ಲ, ಸ್ಪ್ಯಾನರ್ ಹುಡುಕುತ್ತಿರುತ್ತಾರೆ.

ನಾವೀಗ ಲಂಗರು ಹಾಕಿರುವುದು ಗ್ರೆನಡಾ ದ್ವೀಪದ ದಕ್ಷಿಣದ ಕೊಲ್ಲಿಯೊಂದರಲ್ಲಿ. ಮೈಸೂರಿನಿಂದ ಪಶ್ಚಿಮಕ್ಕೆ ನೇರ ಗೆರೆ ಎಳೆದು, ಆಫ್ರಿಕವನ್ನೂ ಅಟ್ಲಾಂಟಿಕ್ಕನ್ನೂ ದಾಟಿಸಿದರೆ ಹೆಚ್ಚುಕಡಿಮೆ ಇಲ್ಲಿಗೇ ಬರುತ್ತದೆ; ಎರಡೂ 12 ಡಿಗ್ರಿ ಉತ್ತರ ಅಕ್ಷಾಂಶದ ಆಸುಪಾಸು. ಜೂನ್‌ನಿಂದ ನವೆಂಬರ್‌ವರೆಗೆ ಈ ಕಡಲಲ್ಲಿ ಚಂಡಮಾರುತದ ಕಾಲ. ಅವುಗಳಲ್ಲಿ ಹೆಚ್ಚಿನವು ಇನ್ನೂ ಉತ್ತರಕ್ಕೆ ಹಾದುಹೋಗುವುದರಿಂದ, ಆ ತಿಂಗಳುಗಳಲ್ಲಿ ದೋಣಿ ದಕ್ಷಿಣಕ್ಕಿರಲಿ ಎಂದು ವಿಮೆಯವರು ಬಯಸುತ್ತಾರೆ. ಹಾಗಾಗಿ ಮಳೆಗಾಲ ಹಿಡಿಯುವ ಹೊತ್ತಿಗೆ ದೋಣಿಗಳ ದಂಡೇ ಇಲ್ಲಿಗೆ ಇಳಿಯುತ್ತದೆ. ಚಂಡಮಾರುತಗಳು ವಿಮೆಯ ಕಾಗದ ಓದುವುದಿಲ್ಲ ಎನ್ನುವುದು ಬೇರೆ ಮಾತು. 2004ರಲ್ಲಿ ‘ಐವನ್’ ನೇರ ಗ್ರೆನಡಾಕ್ಕೇ ಬಂತು. 2024ರ ಜುಲೈ 1ರಂದು ‘ಬೆರಿಲ್’ ಪಕ್ಕದ ಕ್ಯಾರಿಯಾಕೂ ದ್ವೀಪವನ್ನು ನೆಲಸಮ ಮಾಡಿ ಹೋಯಿತು. ದೊಡ್ಡ ಗಂಡಾಂತರದ ಬಗ್ಗೆ ಮಾಡಬಹುದಾದ್ದು ಹವಾಮಾನ ವರದಿ ಕೇಳುವುದು, ಎರಡು ಹಗ್ಗ ಹೆಚ್ಚು ಕಟ್ಟುವುದು. ಉಳಿದ ಸಮಯವೆಲ್ಲ ಸಣ್ಣ ಗಂಡಾಂತರಗಳಿಗೆ ಮೀಸಲು.

ಅವುಗಳಲ್ಲಿ ಅಗ್ರಪೂಜೆ ಕಕ್ಕಸಿಗೆ. ಇಲ್ಲಿ ಗುಂಡಿ ಒತ್ತಿ ಹೊರಗೆ ಬರುವಂತಿಲ್ಲ. ಕೈಪಂಪು ಹೊಡೆದು ಸಮುದ್ರದ ನೀರನ್ನು ಒಳಗೆ ತರಬೇಕು, ಅದೇ ಪಂಪಿನಿಂದ ಎಲ್ಲವನ್ನೂ ಆಚೆ ದೂಡಬೇಕು. ಉಪ್ಪುನೀರು ಮೂತ್ರದೊಂದಿಗೆ ಸೇರಿ ಕೊಳವೆಯ ಒಳಮೈಗೆ ಕ್ಯಾಲ್ಸಿಯಮ್ಮಿನ ಗಟ್ಟಿ ಪದರ ಕಟ್ಟುತ್ತದೆ. ಒಂದೂವರೆ ಇಂಚಿನ ಕೊಳವೆ ಬರುಬರುತ್ತಾ ಹೆಬ್ಬೆರಳೂ ತೂರದಷ್ಟು ಕಿರಿದಾಗುತ್ತದೆ. ಇದಕ್ಕೆ ಮದ್ದು ವಿನೆಗರ್. ಪಂಪಿನ ರಬ್ಬರ್ ಸರಾಗವಾಗಿ ಆಡಲು ಅಡುಗೆ ಎಣ್ಣೆ. ಹೀಗಾಗಿ ನಮ್ಮಲ್ಲಿ ಅಡುಗೆಮನೆಗೂ ಕಕ್ಕಸಿಗೂ ಒಂದೇ ದಿನಸಿ ಚೀಟಿ. ನನ್ನಾಕೆ ಅಡುಗೆಯ ಎಣ್ಣೆ ಬಾಟಲಿಗೆ ‘ಇದು ಮನುಷ್ಯರದ್ದು’ ಎಂದು ದಪ್ಪಕ್ಷರದಲ್ಲಿ ಬರೆದು ಅಂಟಿಸಿದ್ದಾಳೆ.

ವಿನೆಗರಿಗೂ ಬಗ್ಗದಿದ್ದರೆ ಕೊಳವೆಯನ್ನು ಬಿಚ್ಚಿ ದಡಕ್ಕೆ ಒಯ್ದು, ಅಗಸರು ಬಟ್ಟೆ ಒಗೆದ ಹಾಗೆ ಸಿಮೆಂಟು ಕಟ್ಟೆಗೆ ಎತ್ತಿ ಎತ್ತಿ ಬಡಿಯಬೇಕು. ಪದರ ಒಡೆದು ಬಿಳಿ ಚೂರುಗಳಾಗಿ ಉದುರುತ್ತದೆ. ಆ ಹೊತ್ತಿಗೆ ದಾರಿಯಲ್ಲಿ ಹೋಗುವ ಪ್ರವಾಸಿಗರು ಇದು ಇಲ್ಲಿನ ಯಾವುದೋ ಆಚರಣೆ ಇರಬೇಕೆಂದು ನಿಂತು ಫೋಟೋ ತೆಗೆಯುತ್ತಾರೆ. ನಾನು ಬೇಡವೆನ್ನುವುದಿಲ್ಲ. ಆಚರಣೆಯೇ ಅದು, ಪ್ರತಿ ದೋಣಿಯವರೂ ತಪ್ಪದೆ ನಡೆಸಿಕೊಂಡು ಬಂದಿದ್ದಾರೆ.

ದೋಣಿ ಕಟ್ಟುವವರಿಗೆ ಮನುಷ್ಯನ ದೇಹರಚನೆಯ ಬಗ್ಗೆ ಅವರದ್ದೇ ಆದ ಕಲ್ಪನೆಯಿದೆ. ಮೂರು ಮೊಣಕೈಯೂ ತೋರುಬೆರಳಿನ ತುದಿಗೊಂದು ಕಣ್ಣೂ ಇದ್ದವರಿಗಷ್ಟೇ ಎಟುಕುವ ಮೂಲೆಯಲ್ಲಿ ಪ್ರತಿಯೊಂದು ನಟ್ಟನ್ನೂ ಕೂರಿಸಿರುತ್ತಾರೆ. ಕೈ ಜಾರಿದ ನಟ್ಟು ಸಮುದ್ರಕ್ಕೆ ಬೀಳದಿದ್ದರೆ ದೋಣಿಯ ತಳಕ್ಕೆ ಬೀಳುತ್ತದೆ. ಸಮುದ್ರಕ್ಕೆ ಬಿದ್ದರೆ ವಾಸಿ, ಹುಡುಕುವ ಕೆಲಸ ತಪ್ಪುತ್ತದೆ. 36 ಅಡಿಯ ದೋಣಿಯಲ್ಲಿ ಎಲ್ಲ ವಸ್ತುವೂ ಇನ್ನೊಂದು ವಸ್ತುವಿನ ಕೆಳಗೇ ಇರುವುದು. ಹತ್ಯಾರದ ಪೆಟ್ಟಿಗೆ ಹಾಸಿಗೆಯ ಕೆಳಗೆ. ಹಾಸಿಗೆಯ ಮೇಲೆ ಹೆಂಡತಿ. ಹೆಂಡತಿಯ ಕೈಯಲ್ಲಿ ಕಾದಂಬರಿಯ ಕೊನೆಯ ಅಧ್ಯಾಯ. ಆದ್ದರಿಂದ ನಮ್ಮ ದೋಣಿಯಲ್ಲಿ ರಿಪೇರಿಯ ಮುಹೂರ್ತ ಇಡುವವರು ಕನ್ನಡದ ಕಾದಂಬರಿಕಾರರು.

ಎಂಜಿನ್ನಿನ ಕತೆಯೂ ಹೇಳುವಂಥದ್ದೇ. ಅದು ಮೆಟ್ಟಿಲಿನ ಹಿಂದೆ ಒಂದು ಪೆಟ್ಟಿಗೆಯಲ್ಲಿ ವಾಸವಾಗಿದೆ. ಅದನ್ನು ತಂಪಾಗಿಡಲು ಸಮುದ್ರದ ನೀರನ್ನು ಒಳಗೆಳೆಯುವುದು ಇಂಪೆಲ್ಲರ್ ಎಂಬ ರಬ್ಬರ್ ಚಕ್ರ. ಅಂಗೈಯಲ್ಲಿ ಅಡಗುವಷ್ಟು ಚಿಕ್ಕದು, ನಮ್ಮದಕ್ಕೆ ಆರು ರೆಕ್ಕೆ. ರೆಕ್ಕೆಯೊಂದು ಮುರಿದರೆ ಹೊಸ ಚಕ್ರ ಹಾಕಿದ ಮಾತ್ರಕ್ಕೆ ಮುಗಿಯಲಿಲ್ಲ. ಮುರಿದ ತುಂಡು ನೀರಿನ ಜೊತೆ ಹೋಗಿ ಹೀಟ್ ಎಕ್ಸ್‌ಚೇಂಜರಿನ ಸಣ್ಣ ನಳಿಕೆಗಳಲ್ಲಿ ಸಿಕ್ಕಿಕೊಳ್ಳುತ್ತದೆ, ನೀರಿಗೆ ದಾರಿಯಿಲ್ಲದೆ ಎಂಜಿನ್ನು ಕಾಯುತ್ತದೆ. ಹಾಗಾಗಿ ಚೂರುಗಳನ್ನೆಲ್ಲ ಇಕ್ಕಳದಲ್ಲಿ ಹೆಕ್ಕಿ ತೆಗೆದು, ಊಟದ ಮೇಜಿನ ಮೇಲೆ ಒಂದಕ್ಕೊಂದು ಜೋಡಿಸಿ, ಆರೂ ರೆಕ್ಕೆಯ ಲೆಕ್ಕ ಒಪ್ಪಿಸಬೇಕು. ಐದೂಮುಕ್ಕಾಲು ಸಿಕ್ಕರೆ ಆ ರಾತ್ರಿ ನಿದ್ದೆಯಿಲ್ಲ.

ಒಂದನ್ನು ಸರಿಮಾಡಿದರೆ ಇನ್ನೊಂದು ಕೆಡುವುದು ದೋಣಿಯ ಜಾತಿಧರ್ಮ. ದೊಡ್ಡವರಿಗೂ ಇದು ತಪ್ಪಿದ್ದಲ್ಲ. ಉಪ್ಪುನೀರಿನಲ್ಲಿ ಎರಡು ಬಗೆಯ ಲೋಹ ಒಂದನ್ನೊಂದು ಮುಟ್ಟಿಕೊಂಡಿದ್ದರೆ ಅಲ್ಲೊಂದು ಬ್ಯಾಟರಿಯೇ ಹುಟ್ಟಿ, ಎರಡರಲ್ಲಿ ಒಂದು ಲೋಹ ಕರಗುತ್ತ ಹೋಗುತ್ತದೆ. ನಮ್ಮ ಕಂಚಿನ ಪ್ರೊಪೆಲ್ಲರ್ ಉಳಿಯಲೆಂದು ಅದರ ಪಕ್ಕದಲ್ಲಿ ಸತುವಿನ ಗಟ್ಟಿಯೊಂದನ್ನು ಕಟ್ಟಿರುತ್ತೇವೆ; ಸತು ತಾನು ಸವೆದು ಕಂಚನ್ನು ಕಾಯುತ್ತದೆ. ಈ ಉಪಾಯ ಕಂಡುಹಿಡಿದವರು ಇಂಗ್ಲೆಂಡಿನ ರಸಾಯನ ವಿಜ್ಞಾನಿ ಹಂಫ್ರಿ ಡೇವಿ, 1824ರಲ್ಲಿ. ನೌಕಾಪಡೆಯ ಮರದ ಹಡಗುಗಳ ಹೊಟ್ಟೆಗೆ ಹೊದಿಸಿದ್ದ ತಾಮ್ರದ ತಗಡು ಸವೆಯುತ್ತಿದೆ, ಏನಾದರೂ ಮಾಡಿ ಎಂದು ಕೇಳಿಕೊಂಡಿದ್ದರು. ಡೇವಿ ಪಕ್ಕದಲ್ಲಿ ಬೇರೆ ಲೋಹದ ತುಂಡು ಕಟ್ಟಿಸಿದರು, ತಾಮ್ರ ಸವೆಯುವುದು ನಿಂತಿತು. ಆಮೇಲೆ ಗೊತ್ತಾಯಿತು: ತಾಮ್ರ ಚೂರುಚೂರೇ ಕರಗುತ್ತಿದ್ದುದರಿಂದಲೇ ಇಷ್ಟು ದಿನ ಹಡಗಿನ ಹೊಟ್ಟೆಗೆ ಪಾಚಿ, ಚಿಪ್ಪುಜೀವಿಗಳು ಹತ್ತಿರಲಿಲ್ಲ. ಕರಗುವುದು ನಿಂತ ಮೇಲೆ ಅವು ಒಕ್ಕಲು ಹೂಡಿದವು, ಹಡಗು ನಿಧಾನವಾಯಿತು. ಡೇವಿಯವರಂಥವರ ಗತಿಯೇ ಹೀಗಾದರೆ ಸಿಂಕಿನ ಸೋರಿಕೆ ನಿಲ್ಲಿಸಲು ಹೋಗಿ ನೀರಿನ ಪಂಪು ಕೈಕೊಟ್ಟಿತೆಂದು ನಾವು ಯಾಕೆ ಕೊರಗಬೇಕು?

ಒಬ್ಬಂಟಿಯಾಗಿ ಭೂಮಿ ಸುತ್ತಿದ ಮೊದಲ ನಾವಿಕ ಜೋಶುವ ಸ್ಲೋಕಮ್ ನನಗೆ ಇಷ್ಟವಾಗುವುದು ಅವರ ಧೈರ್ಯಕ್ಕಲ್ಲ, ಜಿಪುಣತನಕ್ಕೆ. 1895ರಲ್ಲಿ ಹೊರಡುವಾಗ ಅವರ ಕ್ರೋನೊಮೀಟರ್ ಗಡಿಯಾರ ಸರಿಯಿರಲಿಲ್ಲ. ರಿಪೇರಿಗೆ 15 ಡಾಲರ್ ಎಂದರು. ಅದನ್ನು ಬಿಟ್ಟು ಅಂಗಡಿಯಲ್ಲಿ ತಗಡಿನ ಗಡಿಯಾರವೊಂದನ್ನು ಕೊಂಡರು. ಬೆಲೆ ಒಂದೂವರೆ ಡಾಲರ್. ಮುಖ ಒಡೆದಿದೆ ಎಂದು ಒಂದು ಡಾಲರಿಗೆ ಸಿಕ್ಕಿತು. ದಾರಿಯಲ್ಲಿ ಅದರ ನಿಮಿಷದ ಮುಳ್ಳು ಕಳೆದುಹೋಯಿತು. ನಡೆಯಲು ಮೊಂಡು ಹಿಡಿದಾಗ ಅದನ್ನು ನೀರಿನಲ್ಲಿ ಕುದಿಸಿದರು. ಕುದಿಸಿದ ಮೇಲೆ ಓಡಿತು! 1898ರಲ್ಲಿ ಕ್ಷೇಮವಾಗಿ ಅಮೆರಿಕಕ್ಕೆ ಮರಳಿದರು. ಇತ್ತೀಚಿನ ಉದಾಹರಣೆ ಬೇಕಿದ್ದರೆ ನಮ್ಮ ನೌಕಾಪಡೆಯಲ್ಲಿದ್ದ ಅಭಿಲಾಷ್ ಟಾಮಿ ಇದ್ದಾರೆ. 2022ರ ಗೋಲ್ಡನ್ ಗ್ಲೋಬ್ ಪಂದ್ಯದಲ್ಲಿ, ಗಾಳಿಯ ಬಲದಿಂದ ತಾನೇ ದೋಣಿಯ ದಿಕ್ಕು ಹಿಡಿಯುವ ಸಾಧನದ ಅಲಗು ಮುರಿದಾಗ ಕಕ್ಕಸಿನ ಬಾಗಿಲನ್ನೇ ಕೊಯ್ದು ಹೊಸ ಅಲಗು ಮಾಡಿಕೊಂಡರು. ಎರಡನೆಯವರಾಗಿ ಗುರಿ ಮುಟ್ಟಿದರು. ಒಬ್ಬರೇ ಇದ್ದುದರಿಂದ ಬಾಗಿಲಿನ ಅಗತ್ಯವೂ ಅಷ್ಟಿರಲಿಲ್ಲವೆನ್ನಿ.

ನಮ್ಮ ಕೊಲ್ಲಿಯಲ್ಲಿ ಬೆಳಗಾಗುವುದು ರೇಡಿಯೋದಿಂದ. ಎಲ್ಲ ದೋಣಿಯವರೂ ಒಂದೇ ಚಾನೆಲ್ಲಿಗೆ ಬಂದು ಹವಾಮಾನ, ಪೇಟೆಗೆ ಹೋಗುವ ವ್ಯಾನು, ಯೋಗ ತರಗತಿ ಎಲ್ಲವನ್ನೂ ಹೇಳಿಕೊಳ್ಳುತ್ತಾರೆ. ಕೊನೆಗೆ, ಬೇಡದ ವಸ್ತು ಇದ್ದವರು ಹೇಳುವ ಸರದಿ. ಹೀಗೆ ಹಳೆಯ ಪಂಪೊಂದು ಒಂದು ದೋಣಿಯಿಂದ ಇನ್ನೊಂದಕ್ಕೆ ದತ್ತುಹೋಗುತ್ತ ಕೊಲ್ಲಿಯನ್ನೆಲ್ಲ ಸುತ್ತಿ ಮತ್ತೆ ಮೊದಲಿನವರ ಮನೆಗೇ ಬರುವುದೂ ಉಂಟು. ಸಂಬಳಕ್ಕೆ ಮೆಕ್ಯಾನಿಕ್ ಸಿಗುತ್ತಾರೆ, ಆದರೆ ನೆರೆಯವರು ಸಿಕ್ಕರೆ ಇನ್ನೂ ಚೆನ್ನ. ಪಕ್ಕದ ದೋಣಿಯ ಫ್ರೆಂಚ್ ಅಜ್ಜ ನಮ್ಮ ವೈರಿಂಗ್ ನೋಡಿ ತಲೆ ಚಚ್ಚಿಕೊಂಡು, ಒಂದು ಮಧ್ಯಾಹ್ನ ಕೂತು ಸರಿಮಾಡಿಕೊಟ್ಟರು. ಕೂಲಿ: ಎಂಟು ಚಪಾತಿ, ಒಂದು ಬಟ್ಟಲು ಪಲ್ಯ. ಈಗ ಅವರು ನಮ್ಮ ವೈರು ಕೆಡಲೆಂದು ಕಾಯುತ್ತಿರುವ ಗುಮಾನಿಯಿದೆ.

ಇಷ್ಟೆಲ್ಲ ಪಾಡುಪಟ್ಟು ಇರುವ ಸುಖವೇನು ಎಂದು ಕೇಳುವವರಿಗೆ ನಾನು ಸೂರ್ಯಾಸ್ತ ತೋರಿಸುವುದಿಲ್ಲ. ಸೂರ್ಯಾಸ್ತ ಕುಮಟೆಯಲ್ಲೂ ಪುಕ್ಕಟೆ. ನಾನು ತೋರಿಸುವುದು ನಲ್ಲಿ. ಸಮುದ್ರದ ನೀರನ್ನು ಸುಮಾರು 800 ಪಿಎಸ್ಐ ಒತ್ತಡದಲ್ಲಿ, ಎಂದರೆ ಕಾರಿನ ಟೈರಿನಲ್ಲಿರುವುದಕ್ಕಿಂತ ಇಪ್ಪತ್ತು ಪಟ್ಟಿಗೂ ಹೆಚ್ಚಿನ ಒತ್ತಡದಲ್ಲಿ, ಪೊರೆಯೊಂದರ ಮೂಲಕ ದೂಡಿ ಸಿಹಿನೀರು ಮಾಡುವ ಯಂತ್ರ ನಮ್ಮಲ್ಲಿದೆ. ಅದರ ಸೋರುವ ಕೊಂಡಿಗಳನ್ನೆಲ್ಲ ಬಿಗಿದು, ಫಿಲ್ಟರ್ ಬದಲಿಸಿ, ಮೊದಲ ಲೋಟ ತುಂಬಿಸಿ ಕುಡಿದಾಗ ಆಗುವ ಹಿಗ್ಗನ್ನು ಯಾವ ಬಾಟಲಿ ನೀರೂ ಕೊಡಲಾರದು. ಮಳೆ ಬಂದರೆ ಯಂತ್ರಕ್ಕೆ ರಜೆ. ಡೆಕ್ಕಿನ ಮೇಲೆ ತಾಡಪಾಲು ಕಟ್ಟಿ ನೀರು ಹಿಡಿದು, ಧಾರಾಳವಾಗಿ ತಲೆಸ್ನಾನ.

ಅಡುಗೆಮನೆಯ ಸುಖಗಳು ಇನ್ನೂ ಹಲವು. ನಮ್ಮ ಒಲೆ ತೂಗುವ ಒಲೆ. ದೋಣಿ ಎಷ್ಟು ವಾಲಿದರೂ ಸಾರಿನ ಪಾತ್ರೆ ಮಟ್ಟಸವಾಗಿ ನಿಲ್ಲುತ್ತದೆ, ಬಡಿಸುವವಳು ವಾಲುತ್ತಾಳೆ. ಕುಕ್ಕರು ಗ್ಯಾಸ್ ಉಳಿಸುತ್ತದೆ, ಮುಚ್ಚಳ ಹಾರುವ ಭಯವಿಲ್ಲ. ಮೊದಲ ಸಲ ಅದು ಸೀಟಿ ಹೊಡೆದಾಗ ಮಾತ್ರ ಅಕ್ಕಪಕ್ಕದವರು ನಮ್ಮ ದೋಣಿಯೊಳಗೆ ನೀರು ನುಗ್ಗಿ ಅಲಾರಾಂ ಕೂಗಿತೆಂದು ಬಕೆಟ್ ಹಿಡಿದು ಬಂದರು. ಬಂದವರಿಗೆ ಅನ್ನ ಸಾರು ಬಡಿಸಿದೆವು. ಬಿಸಿಲು ಚೆನ್ನಾಗಿ ಬಿದ್ದು ಸೋಲಾರ್ ಹಲಗೆಗಳು ಬ್ಯಾಟರಿ ತುಂಬಿಸಿದ ದಿನ “ರೀ, ಮಿಕ್ಸಿ ಹಾಕಲಾ?” ಎಂಬ ಪ್ರಶ್ನೆ ಬರುತ್ತದೆ. ಹೂಂ ಎನ್ನುವುದರಲ್ಲಿ ಒಂದು ರಾಜಠೀವಿ ಇದೆ. ಮರುದಿನ ಇಡ್ಲಿ, ಹಿಟ್ಟು ಹುಳಿ ಬರುವ ವಿಷಯದಲ್ಲಿ ಕೆರಿಬಿಯನ್ನಿನ ಸೆಕೆಯನ್ನು ಮೀರಿಸುವಂಥದ್ದಿಲ್ಲ.

ಗ್ರೆನಡಾದ ಬಾವುಟದಲ್ಲಿ ಜಾಯಿಕಾಯಿಯ ಚಿತ್ರವಿದೆ, ಅಂಥ ಸಂಬಾರದ ನಾಡು. ಕೂಲಿ ಕರಾರಿನ ಮೇಲೆ ಭಾರತೀಯರನ್ನು ಹೊತ್ತ ಮೊದಲ ಹಡಗು 1857ರಲ್ಲಿ ಇಲ್ಲಿಗೆ ಬಂತು, ಅವರಿಂದಾಗಿ ರೋಟಿ ಇಲ್ಲಿ ಬೀದಿ ತಿಂಡಿ. ದ್ವೀಪದ ರಾಷ್ಟ್ರೀಯ ಅಡುಗೆ ‘ಆಯಿಲ್ ಡೌನ್’. ಅದರಲ್ಲಿ ನಮ್ಮ ಕರಾವಳಿಯ ಜೀಗುಜ್ಜೆ, ತೆಂಗಿನ ಹಾಲು, ಅರಿಸಿನ, ಜೊತೆಗೆ ಕೆಸುವಿನ ಸೊಪ್ಪು. ಶನಿವಾರದ ಸಂತೆಯಲ್ಲಿ ಕೆಸುವಿನ ಕಟ್ಟು ಕಂಡ ದಿನ ನನ್ನಾಕೆ ಬೇರೇನನ್ನೂ ಕೊಳ್ಳದೆ ತಿರುಗಿದಳು. ಆ ಸಂಜೆ ನಮ್ಮ ದೋಣಿಯಲ್ಲಿ ಪತ್ರೊಡೆ. ಬಂದ ನೆರೆಯವರೆಲ್ಲ ತಿಂದರು, ಹೊಗಳಿದರು, ಆಮೇಲೆ ರಾತ್ರಿಯವರೆಗೂ ಕಕ್ಕಸಿನ ಪಂಪುಗಳ ಬಗ್ಗೆ ಮಾತಾಡಿದರು.

ಮಧ್ಯರಾತ್ರಿ ಭುಜ ಅಲುಗುತ್ತದೆ.

“ರೀ, ಏನೋ ಸದ್ದು.”

“ಯಾವ ಸದ್ದು?”

“ನಿನ್ನೆ ಇಲ್ಲದಿದ್ದ ಸದ್ದು.”

ದೋಣಿಯಲ್ಲಿ ಹಗ್ಗ, ಸರಪಳಿ, ನೀರು ಎಲ್ಲವೂ ಸದ್ದು ಮಾಡುತ್ತಲೇ ಇರುತ್ತವೆ. ಪರಿಚಯದ ಸದ್ದಿಗೆ ಎಚ್ಚರವಾಗುವುದಿಲ್ಲ. ಟಾರ್ಚ್ ಹಿಡಿದು ಹುಡುಕಿದರೆ ಒಂದು ಚಮಚ ಡಬ್ಬಿಯೊಳಗೆ ಉರುಳುತ್ತಿರುತ್ತದೆ. ಅದನ್ನು ಒರಗಿಸಿಟ್ಟು ಬಂದು ಮಲಗುವಾಗ ಆಗುವ ಸಮಾಧಾನ ದೊಡ್ಡ ಮನೆಯಲ್ಲಿ ಸಿಗುವುದಿಲ್ಲ. ನೆಲದ ಮೇಲಿನ ಮನೆಯಲ್ಲಿ ನೀರು ಎಲ್ಲಿಂದ ಬರುತ್ತದೆ, ಕರೆಂಟು ಎಲ್ಲಿ ಖರ್ಚಾಗುತ್ತದೆ ಎಂದು ತಿಳಿಯದೆ ಇರಲಿಕ್ಕೆಂದೇ ನಾವು ದುಡ್ಡು ಕೊಡುತ್ತೇವೆ. ಇಲ್ಲಿ ಪ್ರತಿ ಪೈಪಿನದೂ ಮುಖಪರಿಚಯವಿದೆ. ಅದು ಕೈಕೊಟ್ಟರೆ ಬೇಸರ, ನಡೆದರೆ ಹಬ್ಬ. ಹಬ್ಬಗಳು ಇಷ್ಟು ಸೋವಿಯಾಗಿ ಸಿಗುವ ಜಾಗ ನನಗಂತೂ ಬೇರೆ ಗೊತ್ತಿಲ್ಲ.

ನಿಮಗೂ ದೋಣಿ ಕೊಳ್ಳುವ ಆಸೆ ಹುಟ್ಟಿದ್ದರೆ ಮೊದಲು ಒಂದು ಭಾನುವಾರ ನಿಮ್ಮ ಮನೆಯ ತಾರಸಿ ಹತ್ತಿ, ನೀರಿನ ಟ್ಯಾಂಕಿನ ವಾಲ್ವನ್ನು ಬಿಚ್ಚಿ ತೊಳೆದು ಮತ್ತೆ ಜೋಡಿಸಿ. ಅದು ಸೋರದೆ ನಿಂತಾಗ ಮನೆಮಂದಿಯನ್ನೆಲ್ಲ ಕರೆದು ತೋರಿಸಬೇಕು ಅನ್ನಿಸಿದರೆ ಧಾರಾಳವಾಗಿ ಕೊಳ್ಳಿ. ಪ್ಲಂಬರ್‌ಗೆ ಹೇಳಿದ್ದರೆ ಆಗುತ್ತಿತ್ತಲ್ಲ ಅನ್ನಿಸಿದರೆ ನಮ್ಮಲ್ಲಿಗೆ ಅತಿಥಿಯಾಗಿ ಬನ್ನಿ, ಪತ್ರೊಡೆ ಮಾಡಿ ಬಡಿಸುತ್ತೇವೆ. ಬರುವಾಗ ಒಂದು ಪೊಟ್ಟಣ ಸಾರಿನ ಪುಡಿ, ಎರಡು ಇಂಪೆಲ್ಲರ್ ತನ್ನಿ. ಚೀಲದಲ್ಲಿ ಜಾಗ ಸಾಲದಿದ್ದರೆ ಸಾರಿನ ಪುಡಿ ಬಿಟ್ಟುಬನ್ನಿ.