ಪದಮೂಲಜ್ವರನಿದಾನಂ: ಒಂದು ಮಹಾಪ್ರಬಂಧದ ಪೀಠಿಕೆ

ಪದದ ಹುಟ್ಟೇ ಪದದ ಹಣೆಬರಹ ಎಂಬುದು ಪ್ರಸ್ತುತ ಪ್ರಬಂಧದ ಪ್ರತಿಜ್ಞೆ. ಇದಕ್ಕೆ 'ವ್ಯುತ್ಪತ್ತಿಮೂಲಕ ಅರ್ಥನಿರ್ಧಾರಣವಾದ' ಎಂದು ನಾಮಕರಣ ಮಾಡಿದ್ದೇನೆ. ಈ ವಾದದ ಆಚಾರ್ಯರು ಕಂಪನಿಗಳ ಟ್ರೈನಿಂಗ್ ಹಾಲ್‌ಗಳಲ್ಲಿ ಕಾಲರ್ ಮೈಕ್ ಸಿಕ್ಕಿಸಿಕೊಂಡು ದರ್ಶನ ಕೊಡುತ್ತಾರೆ. ಊಟದ ಬಿಡುವಿನವರೆಗೆ ಎದ್ದುಹೋಗುವಂತಿಲ್ಲ.

ಇಂಗ್ಲಿಷ್ ಪದಗಳು ಪಂಚವಿಧ.

ಪ್ರಥಮ, ಲವಣಜನ್ಯ. ಉದಾಹರಣೆ 'ಸ್ಯಾಲರಿ'. ಲ್ಯಾಟಿನ್ನಿನ 'ಸಾಲ್', ಅಂದರೆ ಉಪ್ಪು, ಇದರ ತಾಯಿಬೇರು. ರೋಮನ್ ಸೈನಿಕರಿಗೆ ಸಂಬಳವೆಂದು ಉಪ್ಪನ್ನೇ ಅಳೆದು ಕೊಡುತ್ತಿದ್ದರೆಂದು ಆಚಾರ್ಯರು ಕಣ್ಣಾರೆ ಕಂಡವರಂತೆ ಹೇಳುತ್ತಾರೆ. ಹಾಗೆನ್ನುವ ರೋಮನ್ ಕಾಲದ ದಾಖಲೆ ಒಂದೂ ಸಿಕ್ಕಿಲ್ಲ ಎಂಬುದು ಕ್ಷುಲ್ಲಕ ಆಕ್ಷೇಪ. ಉಪ್ಪಿನ ಋಣ ನೆನಪಿಸಿದ ಮೇಲೆ ಇನ್‌ಕ್ರಿಮೆಂಟ್ ಕೇಳಲು ಯಾರಿಗೂ ಬಾಯಿ ಬರುವುದಿಲ್ಲ. ಸಿದ್ಧಾಂತದ ಪ್ರಯೋಜನ ಅದೇ.

ದ್ವಿತೀಯ, ಮೂಷಕಜನ್ಯ. 'ಮಸಲ್' ಎಂದರೆ ಮೂಲದಲ್ಲಿ ಪುಟ್ಟ ಇಲಿ. ಆದಕಾರಣ ಜಿಮ್‌ಗೆ ಹೋಗುವವರೆಲ್ಲ ಇಲಿ ಸಾಕುವವರು.

ತೃತೀಯ, ವಿಪರ್ಯಸ್ತ. 'ನೈಸ್' ಪದದ ಮೂಲ ಲ್ಯಾಟಿನ್ನಿನ 'ನೆಸ್ಕಿಯುಸ್': ಏನೂ ತಿಳಿಯದವನು. ಭಾಷಣ ಮುಗಿದಾಗ 'ವೆರಿ ನೈಸ್ ಸಾರ್' ಎಂದು ಕೈಕುಲುಕಿದೆ. ಆಚಾರ್ಯರು ಸಂತುಷ್ಟರಾದರು.

ಚತುರ್ಥ, ಪಂಚಮ ಹಾಳಾಗಲಿ ಬಿಡಿ. 'ಕಂಪನಿ'ಗೆ ಬರೋಣ. 'ಪಾನಿಸ್' ಎಂದರೆ ರೊಟ್ಟಿ. ಒಟ್ಟಿಗೆ ಕೂತು ರೊಟ್ಟಿ ಮುರಿದವರ ಕೂಟವೇ ಕಂಪನಿ. ನಾವೆಲ್ಲ ಒಂದೇ ಪಂಕ್ತಿಯವರು ಎಂದರು, ಚಪ್ಪಾಳೆ ಬಿತ್ತು. ಅದೇ ತಿಂಗಳು ಪಂಕ್ತಿಯಿಂದ ಎಬ್ಬಿಸಿದವರ ಪಟ್ಟಿ ಈಮೇಲ್‌ನಲ್ಲಿ ಬಂತು. ಎಲೆಯ ಮುಂದೆ ಕೂತವರನ್ನು ಎಬ್ಬಿಸುವುದಕ್ಕೆ ನಮ್ಮ ಕಡೆ ಏನನ್ನುತ್ತಾರೆಂದು ಇಲ್ಲಿ ಬರೆಯುವಂತಿಲ್ಲ.

ಆ ರೊಟ್ಟಿಯ ಹೆಸರನ್ನೇ 1600ರಲ್ಲಿ ಲಂಡನ್ನಿನ ವರ್ತಕರೂ ಇಟ್ಟುಕೊಂಡು ಪೂರ್ವಕ್ಕೆ ಹಡಗು ಬಿಟ್ಟರು. 1770ರಲ್ಲಿ ಅವರ ಕೈಯಲ್ಲಿದ್ದ ಬಂಗಾಳ ಅನ್ನವಿಲ್ಲದೆ ಸತ್ತಿತು. ಕಡಿಮೆಯೆಂದರೂ ಮೂರರಲ್ಲೊಂದು ಪಾಲು ಜನ ಹೋದರೆಂದು ವಾರನ್ ಹೇಸ್ಟಿಂಗ್ಸ್ 1772ರಲ್ಲಿ ತನ್ನ ಧಣಿಗಳಿಗೆ ಬರೆದ. 1771ರ ಕಂದಾಯ ಮಾತ್ರ 1768ರದ್ದನ್ನೂ ಮೀರಿತ್ತು, ಅದನ್ನೂ ಬರೆದ. ಹೆಣಗಳ ಪಾಲಿನ ಕಂದಾಯವನ್ನು ಉಳಿದವರಿಂದ ಹಿಂಡಿದ್ದರು. ಯಾವ ರೊಟ್ಟಿ, ಯಾರ ಜೊತೆ ಮುರಿದದ್ದು?

ಆ ಶತಮಾನದಲ್ಲೇ ಹಿಂದಿಯ 'ಲೂಟ್' ಕೂಡ ಇಂಗ್ಲಿಷಿನೊಳಗೆ ಹೋಯಿತು. 'ನೈಸ್' ತಲೆಕೆಳಗಾಯಿತು, ಇಲಿ ತೋಳೇರಿತು. 'ಲೂಟ್'ನ ಅರ್ಥ ಮಾತ್ರ ಕೂದಲೆಳೆಯಷ್ಟೂ ಕದಲಿಲ್ಲ.