ಮೂಗೇ ಮೀಟರು

ಬೆಂಗಳೂರಿನ ದೊಡ್ಡ ಅಪಾರ್ಟ್‌ಮೆಂಟುಗಳಲ್ಲಿ ಈಜುಕೊಳ ಇದೆ ಎಂದರೆ ಅದರ ದಡದಲ್ಲೊಬ್ಬ ನೀರಿನ ಪಂಡಿತರೂ ಇದ್ದೇ ಇರುತ್ತಾರೆ. ನಿವೃತ್ತರು, ಅಸೋಸಿಯೇಷನ್ನಿನ ಮಾಜಿ ಕಾರ್ಯದರ್ಶಿ, ಹೆಗಲ ಮೇಲೆ ಟವೆಲ್ಲು. ನೀರಿಗಿಳಿಯುವ ಮುಂಚೆ ಗಾಳಿಯನ್ನೊಮ್ಮೆ ಮೂಸಿ, "ಏನಪ್ಪಾ, ಇವತ್ತೂ ಕ್ಲೋರಿನ್ ಜಾಸ್ತಿ ಸುರಿದಿದ್ದೀಯಲ್ಲ!" ಎಂದು ಕೊಳ ನೋಡಿಕೊಳ್ಳುವ ಹುಡುಗನಿಗೆ ತೀರ್ಪು ಕೊಡುತ್ತಾರೆ. "ಟೆಸ್ಟ್ ಮಾಡಿದೀನಿ ಸಾರ್" ಎಂದು ಅವನು ಗುಲಾಬಿ ಬಣ್ಣಕ್ಕೆ ತಿರುಗಿದ ಪುಟ್ಟ ಕೊಳವೆಯನ್ನು ಎತ್ತಿ ಹಿಡಿದರೆ ಅತ್ತ ತಿರುಗಿಯೂ ನೋಡುವುದಿಲ್ಲ. ಅಷ್ಟು ವರ್ಷ ಸರ್ವೀಸು ಮಾಡಿದ ಮೂಗಿನ ಮುಂದೆ ಆ ಕೊಳವೆ ಯಾವ ಲೆಕ್ಕ?

ಮೂಗು ಸುಳ್ಳು ಹೇಳುತ್ತದೆಂದು ನಾನು ಹೇಳುತ್ತಿಲ್ಲ. ಅದು ಕೊಟ್ಟ ವರದಿಯನ್ನು ಪಂಡಿತರು ತಲೆಕೆಳಗಾಗಿ ಓದುತ್ತಾರೆ, ನನ್ನ ತಕರಾರು ಅಷ್ಟೇ. ಕೊಳದ ಬಳಿ ಮೂಗಿಗೆ ಹೊಡೆಯುವ ಘಾಟು ಬಹುಪಾಲು ಕ್ಲೋರಮೈನುಗಳದು. ಈಜುವವರ ಬೆವರು, ಮೂತ್ರಗಳೊಂದಿಗೆ ಕ್ಲೋರಿನ್ ಬೆರೆತಾಗ ಹುಟ್ಟುವ ಸಂತಾನ. ಕಣ್ಣುರಿಗೂ ಹೆಚ್ಚಾಗಿ ಅದೇ ಕಾರಣ. ಘಾಟು ಏರಿದೆಯೆಂದರೆ ರೋಗಾಣು ಕೊಲ್ಲಲು ಬಿಡುವಾಗಿರುವ 'ಫ್ರೀ ಕ್ಲೋರಿನ್' ತಗ್ಗಿದೆಯೆಂದು ಸಂಶಯಪಡಬೇಕು. ಆಗ ಮಾಡಬೇಕಾದದ್ದು ಇನ್ನಷ್ಟು ಕ್ಲೋರಿನ್ ಹಾಕಿ ಆ ಸಂತಾನವನ್ನು ಮುಗಿಸುವುದು, ಒಂದಿಷ್ಟು ಹೊಸ ನೀರು ಬಿಡುವುದು. ಪಂಡಿತರ ಅಪ್ಪಣೆಯೋ, "ನಾಳೆಯಿಂದ ಅರ್ಧ ಹಾಕು." ಅರ್ಧ ಹಾಕಿದ ಮೇಲೂ ಘಾಟು ಇಳಿಯದಿದ್ದರೆ, ಹುಡುಗ ಕದ್ದು ಪೂರ್ತಿ ಹಾಕುತ್ತಿದ್ದಾನೆ ಎಂಬ ದೂರು ವಾಟ್ಸ್ಆ್ಯಪ್ ಗುಂಪಿಗೆ ಹೋಗುತ್ತದೆ.

ಪಿಎಚ್ ವಿಷಯದಲ್ಲಂತೂ ಮೂಗು ಪೂರ್ತಿ ನಿರಕ್ಷರಿ. ಫ್ರೀ ಕ್ಲೋರಿನ್ 1ರಿಂದ 3 ಪಿಪಿಎಂ, ಪಿಎಚ್ 7.2ರಿಂದ 7.8 ಇರಬೇಕೆಂಬುದು ವಾಡಿಕೆಯ ಲೆಕ್ಕ. ಪಿಎಚ್ 7.5ರ ಆಸುಪಾಸಿನಲ್ಲಿದ್ದರೆ ಆ ಕ್ಲೋರಿನ್ನಿನ ಅರ್ಧದಷ್ಟು ಚುರುಕಾದ ಹೈಪೋಕ್ಲೋರಸ್ ಆಮ್ಲ; 8ಕ್ಕೇರಿದರೆ ಕಾಲುಭಾಗ ಮಾತ್ರ. ಹಾಜರಿ ಪುಸ್ತಕದಲ್ಲಿ ಎಲ್ಲರ ಸಹಿಯಿದ್ದರೂ ಕೆಲಸಕ್ಕೆ ಕೂತವನು ನಾಲ್ವರಲ್ಲಿ ಒಬ್ಬ ಎಂಬ ಈ ಸ್ಥಿತಿ ಕಚೇರಿ ಕಂಡ ಪಂಡಿತರಿಗೆ ಬೇಗ ಅರ್ಥವಾಗಬೇಕಿತ್ತು. "ಹಾಗಾದರೆ ನಿಮ್ಮ ಕೊಳವೆಯೇನು ಬ್ರಹ್ಮಲಿಖಿತವೇ?" ಎಂದು ಅವರು ಕೇಳಬಹುದು. ನ್ಯಾಯವಾದ ಪ್ರಶ್ನೆ. ಕ್ಲೋರಿನ್ ವಿಪರೀತವಾದರೆ ಕೊಳವೆಗೆ ಹಾಕುವ ಡಿಪಿಡಿ ಗುಳಿಗೆಯ ಗುಲಾಬಿ ಬಣ್ಣವೇ ಬೆಳ್ಳಗಾಗಿ, ನೀರಿನಲ್ಲಿ ಕ್ಲೋರಿನ್ನೇ ಇಲ್ಲವೇನೋ ಎಂಬಂತೆ ಕಾಣುತ್ತದೆ. ನೀರು ಒಳಬರುವ ತೂತಿನ ಬಾಯಲ್ಲೇ ಮಾದರಿ ಹಿಡಿದರೂ ಲೆಕ್ಕ ತಪ್ಪುತ್ತದೆ. ಅದರಿಂದ ದೂರದಲ್ಲಿ, ಮೊಣಕೈ ಮುಳುಗುವಷ್ಟು ಆಳದಿಂದ ತೆಗೆಯಬೇಕು. ಆದರೆ ಕೊಳವೆಯ ತಪ್ಪಿಗೆ ಪರಿಹಾರವುಂಟು: ಮಾದರಿಗೆ ಶುದ್ಧ ನೀರು ಬೆರೆಸಿ ಮತ್ತೆ ಪರೀಕ್ಷಿಸಿದರಾಯಿತು. ಮೂಗನ್ನು ಹಾಗೆ ತಿದ್ದಲಾಗದು, ಅದರಲ್ಲೂ ಮಾಜಿ ಕಾರ್ಯದರ್ಶಿಯ ಮೂಗನ್ನು.

ಹಾಗೆಂದು ಅದನ್ನು ಕೆಲಸದಿಂದ ತೆಗೆಯಬೇಕಿಲ್ಲ. ಘಾಟು ಬಂದ ದಿನ ಪಂಡಿತರು ಗದರುವ ಬದಲು "ಫ್ರೀ ಎಷ್ಟಿದೆ, ಟೋಟಲ್ ಎಷ್ಟಿದೆ?" ಎಂದು ಹುಡುಗನನ್ನು ಕೇಳಲಿ, ಎರಡರ ವ್ಯತ್ಯಾಸವೇ ಅವರ ಮೂಗಿಗೆ ತಾಗಿದ ಸರಕು. ಆಮೇಲೆ ದಯಮಾಡಿ ಶವರಿನಡಿ ಒಂದು ನಿಮಿಷ ನಿಂತು ನೀರಿಗಿಳಿಯಲಿ. ಬೆಳಗಿನ ವಾಕಿಂಗ್ ಮುಗಿಸಿ ಬೆವರಿನ ಸಮೇತ ಧುಮುಕುವವರಲ್ಲಿ ಮೊದಲಿಗರು ಅವರೇ.